ಮೂದಾರಿ ಸೀಮೆಯ ಕಣದ ಪಾಲು

ಕಾಲು ಅಲ್ಲಾಡಿಸಬೇಡ, ಕಂಬಳಿ ಕತ್ತಿನವರೆಗೂ ಹೊದ್ಕೊಂಡು ಸುಮ್ನೆ ಮಲಗು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಮೂದಾರಿ ಸೀಮೆ ಅಂತ ಒಂದು ಪುಟ್ಟ ಸೀಮೆ ಇತ್ತಂತೆ. ಮೂರು ದಾರಿ ಬಂದು ಕೂಡೋ ಜಾಗ ಅದು, ಅದಕ್ಕೇ ಆ ಹೆಸರು. ಬಡಗಲ ದಾರಿ ಹಿಡಿದು ಹೋದರೆ ಕುದುರೆ ದೊರೆಯ ನಾಡು, ಅವನ ದಂಡು ಬೆಟ್ಟದ ಮೇಲೆ ನಿಂತರೆ ಬೆಟ್ಟವೇ ಕಾಣ್ತಿರಲಿಲ್ಲವಂತೆ. ಪಡುವಲ ದಾರಿಗೆ ಹೊಳೆ ದೊರೆಯ ನಾಡು, ಹೊಳೆ ಹುಟ್ಟೋದೇ ಅವನ ಕಾಡಲ್ಲಿ. ಮೂಡಲಿಗೆ ಉಪ್ಪಿನ ದೊರೆ, ಸಮುದ್ರದ ದಂಡೆಯೆಲ್ಲಾ ಅವನದೇ. ಮೂವರಿಗೂ ಒಬ್ಬರನ್ನ ಕಂಡರೆ ಒಬ್ಬರಿಗೆ ಆಗದು. ನಡುವೆ ಸಿಕ್ಕಿಕೊಂಡಿದ್ದು ಮೂದಾರಿ ಸೀಮೆ. ಅದಕ್ಕೆ ದಂಡೂ ಇಲ್ಲ, ಕೋಟೆಯೂ ಇಲ್ಲ, ಇದ್ದಿದ್ದು ರಾಗಿ ಹೊಲ ಮಾತ್ರ.

ಆ ಸೀಮೆಗೆ ರಾಜ ಅನ್ನೋನು ಇರಲಿಲ್ಲವಂತೆ. ಯಜಮಾನ ತೀರಿಕೊಂಡರೆ ಜನ ಎಲ್ಲಾ ಸೇರಿ ಕೈ ಎತ್ತಿ ಇನ್ನೊಬ್ಬರನ್ನ ಆರಿಸೋರು. ಈಗ ಟೀವೀಲಿ ಹೊಸ ಅಧ್ಯಕ್ಷರು ಅಂತ ತೋರಿಸ್ತಾರಲ್ಲ, ಹಂಗೇ ಅಂದ್ಕೋ. ಆ ಸಲ ಎಲ್ಲರೂ ಕೆಂಪತಾಯಿ ಅನ್ನೋಳಿಗೆ ಕೈ ಎತ್ತಿದರಂತೆ. ಅವಳು ಜಗಳ ಬಿಡಿಸೋದರಲ್ಲಿ ಗಟ್ಟಿಗಿತ್ತಿ. ಬೇಡ ಕಣ್ರಪ್ಪಾ, ಮನೆಯಲ್ಲಿ ಮಗಳು ಚೆಲುವಿ ತುಂಬು ಬಸುರಿ, ಚೊಚ್ಚಲ ಹೆರಿಗೆ, ನನ್ನ ಕೈಲಾಗಲ್ಲ ಅಂದಳಂತೆ. ಯಾರು ಕೇಳ್ತಾರೆ? ಪೇಟ ತಂದು ತಲೆ ಮೇಲೆ ಇಟ್ಟೇಬಿಟ್ಟರು. ಅದು ಹಳೇ ಯಜಮಾನನ ಪೇಟ, ಇವಳಿಗೆ ಕಣ್ಣಿನ ಮೇಲೇ ಇಳಿದುಬೀಳೋದಂತೆ.

ಅದು ಸುಗ್ಗಿ ಕಾಲ. ಹೊಸ ಯಜಮಾನಿ ಅಂತ ಕೆಲಸ ನಿಲ್ಲುತ್ತಾ? ಕೆಂಪತಾಯಿ ಕಣದಲ್ಲೇ ಇದ್ದಳಂತೆ, ರಾಗಿ ತೂರಿಸ್ತಾ. ಕಣ ಅಂದರೆ ನೀನು ನೋಡಿಲ್ಲ, ತೆನೆ ಬಡಿದು ಕಾಳು ಮಾಡೋಕೆ ಸಗಣಿ ಸಾರಿಸಿದ ಅಂಗಳ. ಅದು ದೇವರ ಮನೆ ಇದ್ದ ಹಂಗೆ, ಎಕ್ಕಡ ಮೆಟ್ಕೊಂಡು ಯಾರೂ ಒಳಗೆ ಬರೋಹಂಗಿಲ್ಲ, ಕತ್ತಿ ಕೊಡಲಿ ತರೋಹಂಗಿಲ್ಲ. ರಾಶಿ ಮುಂದೆ ಬಂದು ನಿಂತೋರು ಯಾರೇ ಆಗಲಿ, ಭಿಕ್ಷದೋರಾಗಲಿ ದಾರಿಹೋಕರಾಗಲಿ, ಒಂದು ಮೊರ ರಾಗಿ ಕೊಟ್ಟೇ ಕಳಿಸಬೇಕು. ಅದು ಕಣದ ಪಾಲು. ಪಾಲು ತಗೊಂಡೋರು ಮುಂದಿನ ಸುಗ್ಗಿವರೆಗೂ ಆ ಕಣಕ್ಕೆ ಕಾವಲು ಅಂತ ಲೆಕ್ಕ. ಬೆಂಕಿ ಬಿದ್ದರೆ ನೀರು ತರಬೇಕು, ಕಳ್ಳ ಬಂದರೆ ಅಡ್ಡ ನಿಲ್ಲಬೇಕು, ತಾವಂತೂ ಆ ಕಣಕ್ಕೆ ಕೆಡುಕು ಬಗೆಯೋಹಂಗೇ ಇಲ್ಲ. ಇದು ಆ ಸೀಮೆಯಲ್ಲಿ ಮಗುವಿಗೂ ಗೊತ್ತು, ಗೊತ್ತಿರೋದನ್ನ ಯಾರು ಬಾಯಿಬಿಟ್ಟು ಹೇಳ್ತಾರೆ ಹೇಳು?

ಆಮೇಲೆ ಏನಾಯ್ತು, ಹೊಸ ಯಜಮಾನಿ ಬಂದಳು ಅಂತ ಸುದ್ದಿ ಹೋಗಿ ಕುದುರೆ ದೊರೆಯ ರಾಯಭಾರಿ ಕಣದ ಹತ್ತಿರ ಬಂದು ನಿಂತನಂತೆ. ಇವಳು ಎದ್ದು, ಅವನ ಬಾಯಿಂದ ಒಂದು ಮಾತು ಬರೋಕೆ ಮುಂಚೆನೇ ಒಂದು ಮೊರ ರಾಗಿ ಅವನ ಶಲ್ಯಕ್ಕೆ ಸುರಿದು, ಹೋಗಿ ಬಾರಪ್ಪ ಅಂದಳಂತೆ. ಅವನು ಕಣ್ಣು ಕಣ್ಣು ಬಿಟ್ಟು ಹೋದ. ಆಮೇಲೆ ಹೊಳೆ ದೊರೆಯ ಕಡೆಯೋನು ಬಂದ, ಅವನಿಗೂ ಒಂದು ಮೊರ. ಆಮೇಲೆ ಉಪ್ಪಿನ ದೊರೆಯ ಕಡೆಯೋನು ಬಂದ, ಅವನಿಗೂ ಒಂದು ಮೊರ. ಬಂದೋರಿಗೆ ಪಾಲು ಕೊಟ್ಟೆ ಅಂತ ಇವಳು ನೆಮ್ಮದಿಯಾಗಿ ಮುದ್ದೆ ಉಂಡಳಂತೆ. ಅದೇ ಕೊನೇ ನೆಮ್ಮದಿ.

ಯಾಕೆ ಅಂದರೆ ಆ ಮೂವರೂ ಹೋಗಿ ತಮ್ಮ ತಮ್ಮ ದೊರೆಗೆ ಏನು ಹೇಳಿದರು ಗೊತ್ತಾ? ಬುದ್ಧೀ, ನಾನು ಕೇಳೋಕೆ ಮುಂಚೆನೇ ಕಪ್ಪ ಕೊಟ್ಟುಬಿಟ್ಟಳು, ಸೀಮೆ ಇನ್ನು ನಮ್ಮದೇ ಅಂದರಂತೆ.

ಆಮೇಲೆ ಶುರುವಾಯ್ತು ನೋಡು. ಕುದುರೆ ದೊರೆ ಹೇಳಿ ಕಳಿಸಿದ, ನೀನು ನಮ್ಮೋಳು, ನಿನ್ನ ಮೂರು ದಾರಿ ಕೂಡೋ ಜಾಗದಲ್ಲಿ ನಮ್ಮ ದಂಡು ಬೀಡು ಬಿಡುತ್ತೆ, ಜಾಗ ಗುಡಿಸಿಡು ಅಂತ. ಹೊಳೆ ದೊರೆ ಹೇಳಿ ಕಳಿಸಿದ, ನೀನು ನಮ್ಮೋಳು, ಆ ಕುದುರೆಗಳು ನಮ್ಮ ಹೊಳೆ ನೀರಿಗೆ ಬಾಯಿ ಹಾಕಿದರೆ ಮೇಲೇ ಕಟ್ಟೆ ಹಾಕಿ ನಿಲ್ಲಿಸಿಬಿಡ್ತೀನಿ ಅಂತ. ಉಪ್ಪಿನ ದೊರೆ ಹೇಳಿ ಕಳಿಸಿದ, ನೀನು ನಮ್ಮೋಳು, ಅವರಿಬ್ಬರಲ್ಲಿ ಯಾರನ್ನ ಒಳಗೆ ಬಿಟ್ಟರೂ ನಿನ್ನ ಸೀಮೆಗೆ ಒಂದು ಹರಳು ಉಪ್ಪು ಬರಲ್ಲ ಅಂತ.

ಮೂರು ದಾರಿ ಕೂಡೋ ಜಾಗದಲ್ಲೇ ಕೆಂಪತಾಯಿ ಮನೆ, ಆ ಮನೆಯಲ್ಲೇ ಚೆಲುವಿ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಇವತ್ತೋ ನಾಳೆಯೋ, ಗಾಡಿ ಹತ್ತಿಸಿ ಎಲ್ಲಿಗೂ ಕರ್ಕೊಂಡು ಹೋಗಬೇಡಿ ಅಂದಿದ್ದಳಂತೆ. ಕುದುರೆ ದಂಡು ಬಂದರೆ ಅದನ್ನ ತಡೆಯೋಕೆ ಉಳಿದಿಬ್ಬರ ದಂಡೂ ಬರ್ತಾವೆ, ಮೂರೂ ಡಿಕ್ಕಿ ಹೊಡೆಯೋದು ಆ ಬಾಣಂತಿ ಕೋಣೆಯ ಮುಂದೇನೇ. ಅವಳು ಮಗಳಿಗೆ ಏನೂ ಹೇಳಲಿಲ್ಲವಂತೆ. ಯಾಕವ್ವಾ ಉಣ್ಣಲ್ಲ ಅಂದರೆ, ಹಲ್ಲು ನೋವು ಕಣೆ ಅನ್ನೋಳಂತೆ.

ಹಿರೀಕರನ್ನ ಕರೆದು ಕೇಳಿದಳು. ಕುದುರೆ ಸಾಕಿದೋನು, ಬಲ ಇರೋರ ಕಡೆ ಸೇರೋಣ, ಕುದುರೆ ದೊರೆಗೆ ಹೂಂ ಅನ್ನು ಅಂದ. ಹೊಳೆ ಪಕ್ಕ ಗದ್ದೆ ಇರೋನು, ನೀರಿಲ್ಲದೆ ಬದುಕೋದುಂಟಾ, ಹೊಳೆ ದೊರೆಗೆ ಹೂಂ ಅನ್ನು ಅಂದ. ಹೆಂಡತಿ ತವರು ಮೂಡಲಲ್ಲಿ ಇರೋನು ಉಪ್ಪಿನ ದೊರೆಗೆ ಹೂಂ ಅನ್ನು ಅಂದ. ಸೀಮೆ ಮೇಲೆ ಬಂದ ಜಗಳ ಆಗಲೇ ಜಗಲಿ ಮೇಲೂ ಬಂದಿತ್ತು ಅನ್ನು. ಒಬ್ಬನಿಗೆ ಹೂಂ ಅಂದರೆ ಇನ್ನಿಬ್ಬರು ಮೈಮೇಲೆ ಬೀಳ್ತಾರಲ್ಲಪ್ಪಾ ಅಂದರೆ ಮೂವರೂ ಅವಳ ಮುಖ ನೋಡಿದರಂತೆ, ಅದಕ್ಕೇ ನಿನ್ನನ್ನ ಆರಿಸಿದ್ದು ಅನ್ನೋಹಂಗೆ.

ಆಮೇಲೆ ಅವಳು ತಾನೇ ಗಾಡಿ ಕಟ್ಟಿಸ್ಕೊಂಡು ಹೊರಟಳಂತೆ. ಮೊದಲು ಕುದುರೆ ದೊರೆ ಹತ್ತಿರ. ಬುದ್ಧೀ, ಅದು ಕಪ್ಪ ಅಲ್ಲ, ನಮ್ಮಲ್ಲಿ ಕಣಕ್ಕೆ ಬಂದ ಭಿಕ್ಷದೋರಿಗೂ ಅಷ್ಟು ಕೊಡ್ತೀವಿ ಅಂದಳು. ಅಯ್ಯೋ, ಅಷ್ಟಕ್ಕೇ ನಿಲ್ಲಿಸಬಾರದಿತ್ತು! ಅವನ ಮುಖ ಕೆಂಪಗಾಗಿ, ಹಾಗಾದರೆ ನನಗೆ ಭಿಕ್ಷೆ ಹಾಕಿದೆಯಾ ಅಂತ ಎದ್ದು ನಿಂತನಂತೆ. ಇವಳು ಕಾವಲಿನ ಮಾತು ಹೇಳೋದನ್ನೇ ಬಿಟ್ಟಳು. ತಪ್ಪಾಯ್ತು ಬುದ್ಧೀ ಅಂತ ಹಿಂದೆ ಹಿಂದೆ ನಡೆದು ಬಂದುಬಿಟ್ಟಳು. ಬರೋವಾಗ ಅವನ ಲಾಯದಲ್ಲಿ ಒಂದು ಕಂಡಳಂತೆ. ಕುದುರೆ ಲೆಕ್ಕವಿಲ್ಲದಷ್ಟು, ನೀರಿನ ತೊಟ್ಟಿ ಮಾತ್ರ ಅರ್ಧಕ್ಕೆ ಇಳಿದಿದೆ. ಹೊಳೆ ದೊರೆ ಕಟ್ಟೆ ಹಾಕಿದರೆ ಬೇಸಿಗೆಗೆ ಏನು ಮಾಡೋದು ಅಂತ ಲಾಯದೋರು ಗುಸುಗುಸು ಅಂತಿದ್ದರಂತೆ.

ಆಮೇಲೆ ಹೊಳೆ ದೊರೆ ಹತ್ತಿರ ಹೋದಳು. ಅವನು ನಯವಾಗಿ ಮಜ್ಜಿಗೆ ಕೊಡಿಸಿ, ಬೇರೆ ಯಾರಿಗೂ ಕಪ್ಪ ಕೊಟ್ಟಿಲ್ಲ ತಾನೇ ತಾಯಿ ಅಂತ ಕೇಳಿದನಂತೆ. ಇವಳು ಮಜ್ಜಿಗೆ ಬಾಯಿಗಿಟ್ಟಳು. ಉಪ್ಪೇ ಇಲ್ಲ ಅದರಲ್ಲಿ! ಉಪ್ಪಿನ ದೊರೆ ಗಾಡಿ ನಿಲ್ಲಿಸಿದ್ದಾನೆ, ಅರಮನೆಯಲ್ಲೂ ಸಪ್ಪೆ ಊಟ ಅಂತ ಬಡಿಸೋಳು ಕಿವಿಯಲ್ಲಿ ಹೇಳಿದಳಂತೆ.

ಕೊನೆಗೆ ಉಪ್ಪಿನ ದೊರೆ. ಅವನು ಮುದುಕ. ಇವಳು ಕೊಟ್ಟ ರಾಗಿಯನ್ನ ಬೆಳ್ಳಿ ಬಟ್ಟಲಲ್ಲಿ ಹಾಕಿ ಪಕ್ಕದಲ್ಲೇ ಇಟ್ಟುಕೊಂಡಿದ್ದನಂತೆ. ಮಾತಾಡ್ತಾ ಮಾತಾಡ್ತಾ ದೂರದಲ್ಲಿ ಎಲ್ಲೋ ಗೊರಸಿನ ಸದ್ದು ಬಂತು. ಕುದುರೆ ದೊರೆಯ ದಂಡು ಬಂತೇನೋ ಅಂತ ಆ ದೊರೆ ಬೆಚ್ಚಿಬಿದ್ದು ಇವಳ ಕೈ ಹಿಡಿದುಕೊಂಡುಬಿಟ್ಟನಂತೆ, ಮಕ್ಕಳು ಹಿಡೀತಾವಲ್ಲ, ಹಂಗೆ.

ವಾಪಸ್ ಬರೋ ದಾರಿಯಲ್ಲಿ ಕೆಂಪತಾಯಿ ಗಾಡಿಯಲ್ಲಿ ಕೂತು ಒಂದೇ ಯೋಚನೆ ಮಾಡಿದಳಂತೆ. ನನ್ನನ್ನ ಹೆದರಿಸ್ತಿರೋ ಮೂವರೂ ನನಗಿಂತ ಹೆದರಿದ್ದಾರೆ. ಒಬ್ಬೊಬ್ಬನಿಗೇ ಹೇಳಿದರೆ ನನ್ನ ಮಾತು ಅವಮಾನ ಆಗುತ್ತೆ. ಮೂವರೂ ಕೇಳೋಹಂಗೆ ಹೇಳಿದರೆ? ಅದು ಕೆಟ್ಟರೆ ಮೂರು ದಂಡೂ ನಾನೇ ಕರೆಸಿದಂಗಾಯ್ತಲ್ಲಾ, ನನ್ನ ಚೆಲುವಿ ಗತಿಯೇನು ಅಂತಲೂ ಅಂದ್ಕೊಂಡಳಂತೆ. ಆದರೂ ಹೇಳಿ ಕಳಿಸಿದಳು. ನಮ್ಮ ಕಣದಲ್ಲಿ ರಾಶಿಪೂಜೆ, ತಾವೇ ಬಂದು ಪಾಲು ತಗೊಂಡು ಹೋಗಬೇಕು ಅಂತ ಮೂವರಿಗೂ ಒಂದೇ ಮಾತು.

ನಿದ್ದೆ ಬಂತಾ? ಇಲ್ಲ ಅಲ್ವಾ, ನನಗೆ ಗೊತ್ತು. ಕೇಳು. ರಾಶಿಪೂಜೆ ದಿನ ಬೆಳಿಗ್ಗೆಯೇ ಚೆಲುವಿಗೆ ನೋವು ಶುರುವಾಯ್ತಂತೆ. ಒಳಗೆ ಮಗಳು ಅವ್ವಾ ಅಂತಿದ್ದಾಳೆ, ಹೊರಗೆ ನೋಡಿದರೆ ಮೂರು ದಿಕ್ಕಿಗೂ ಧೂಳು ಎದ್ದಿದೆ. ಕೆಂಪತಾಯಿ ಮಗಳ ಹಣೆ ಒರೆಸಿ, ಪೇಟ ಸರಿಮಾಡ್ಕೊಂಡು ಕಣಕ್ಕೆ ಬಂದಳಂತೆ.

ಮೂರು ದಂಡೂ ಮೂರು ಕಡೆ ನಿಂತವು. ದೊರೆಗಳು ಇಳಿದರು, ಕಣದ ಅಂಚಿಗೆ ಬಂದರು, ಒಬ್ಬರನ್ನೊಬ್ಬರು ಕಂಡು ಅಲ್ಲೇ ನಿಂತುಬಿಟ್ಟರು. ಕುದುರೆ ದೊರೆಯ ಕೈ ಸೊಂಟದ ಕತ್ತಿಗೆ ಹೋಯ್ತು. ಆಗ ಒಬ್ಬಳು ಭಿಕ್ಷದ ಮುದುಕಿ, ಅವಳಿಗೇನು ಗೊತ್ತು ದೊರೆಗಿರೆ, ಪ್ರತಿ ವರ್ಷ ಬರೋಳು, ದೊರೆಗಳ ನಡುವೆ ನುಗ್ಗಿಕೊಂಡು ಬರಿಗಾಲಲ್ಲಿ ಒಳಗೆ ಬಂದು ಸೆರಗು ಒಡ್ಡಿದಳಂತೆ. ಕೆಂಪತಾಯಿ ಅವಳಿಗೆ ಒಂದು ಮೊರ ರಾಗಿ ಸುರಿದಳು. ಅದೇ ಮೊರ, ಅದೇ ಅಳತೆ. ಮೂವರು ದೊರೆಗಳೂ ನೋಡಿದರು.

ಕುದುರೆ ದೊರೆ ಹಲ್ಲು ಕಡೀತಾ, ಇದಕ್ಕೇನಾ ನನ್ನನ್ನ ಕರೆಸಿದ್ದು, ಈ ಮುದುಕಿಗೂ ನನಗೂ ಒಂದೇ ಪಾಲಾ ಅಂದನಂತೆ.

ಕೆಂಪತಾಯಿ ಕೈ ಮುಗಿದಳು. ಹೌದು ಬುದ್ಧೀ, ಅವತ್ತು ನಾನು ಅರ್ಧ ಹೇಳಿ ಓಡಿಬಂದೆ, ಇವತ್ತು ಪೂರ್ತಿ ಹೇಳ್ತೀನಿ. ಇದು ಕಪ್ಪವೂ ಅಲ್ಲ, ಭಿಕ್ಷೆಯೂ ಅಲ್ಲ, ಕಾವಲಿನ ಪಾಲು. ಇದನ್ನ ತಗೊಂಡೋರು ಮುಂದಿನ ಸುಗ್ಗಿವರೆಗೂ ಈ ಕಣ ಕಾಯಬೇಕು. ಈ ಅಜ್ಜಿ ಕಾಯ್ತಾಳೆ, ಕಾಗೆ ಓಡಿಸ್ತಾಳೆ. ತಮ್ಮ ಮೂವರ ಮನೆಗೂ ಪಾಲು ಬಂದಿದೆ, ತಾವೂ ಕಾಯಬೇಕು. ಯಾರು ಕೆಡಿಸೋಕೆ ಬಂದರೂ ಉಳಿದೋರು ಅಡ್ಡ ನಿಲ್ಲಬೇಕು. ಕಣ ಉಳಿದರೆ ದಾರಿ ಉಳೀತದೆ. ಈ ದಾರಿಯಲ್ಲೇ ತಾನೇ ಒಬ್ಬರ ಉಪ್ಪು ಇನ್ನೊಬ್ಬರಿಗೆ ಹೋಗೋದು, ಈ ಹೊಲದ ಪಕ್ಕದಲ್ಲೇ ತಾನೇ ಹೊಳೆ ಬಡಗಲಿಗೆ ತಿರುಗೋದು ಅಂದಳಂತೆ.

ನಾನು ಒಲ್ಲೆ ಅಂದರೆ? ಅಂತ ಕುದುರೆ ದೊರೆ ಕೇಳಿದ.

ಒಲ್ಲೆ ಅಂದರೆ ಉಳಿದಿಬ್ಬರು ಕಾಯ್ತಾರೆ ಬುದ್ಧೀ ಅಂದಳು.

ಕುದುರೆ ದೊರೆ ತಿರುಗಿ ನೋಡಿದ. ಹೊಳೆ ದೊರೆ, ಉಪ್ಪಿನ ದೊರೆ, ಜನ್ಮದಲ್ಲಿ ಒಬ್ಬರ ಮುಖ ಒಬ್ಬರು ನೋಡದೋರು, ಒಂದೊಂದು ಹೆಜ್ಜೆ ಒಬ್ಬರ ಕಡೆಗೊಬ್ಬರು ಸರಿದು ನಿಂತಿದ್ದರಂತೆ. ಆ ಮುದುಕ ದೊರೆ ಆಗಲೇ ಎಕ್ಕಡ ಬಿಟ್ಟಿದ್ದ. ಇವರಿಬ್ಬರೇ ಒಳಗೆ ಹೋಗಿ ತಾನೊಬ್ಬನೇ ಹೊರಗೆ ಉಳಿದರೆ ಏನು ಗತಿ ಅಂತ ಕುದುರೆ ದೊರೆಗೂ ಹೊಳೀತೇನೋ. ಸೊಂಟದ ಕತ್ತಿ ಬಿಚ್ಚಿ ಕೆಳಗಿಟ್ಟ. ಆಮೇಲೆ ಬಗ್ಗಿದ, ತಾನೇ ತನ್ನ ಕೈಯಲ್ಲಿ ಎಕ್ಕಡ ಬಿಚ್ಚಿದ. ಮುದುಕಿ ಪಕ್ಕದಲ್ಲಿ ಹೋಗಿ ಶಲ್ಯ ಒಡ್ಡಿ ನಿಂತನಂತೆ. ಜರುಗಪ್ಪಾ, ನನ್ನ ಕಾಲು ತುಳೀತಿದ್ದೀಯ ಅಂತ ಮುದುಕಿ ಗದರಿದಳಂತೆ. ಜರುಗಿದ.

ಮೂವರಿಗೂ ಒಂದೊಂದು ಮೊರ ಸುರಿದು ಮುಗಿಸೋವಷ್ಟರಲ್ಲಿ ಮನೆ ಕಡೆಯಿಂದ ಮಗು ಅತ್ತ ಸದ್ದು ಕೇಳಿಸ್ತಂತೆ. ಕೆಂಪತಾಯಿ ಮೊರ ಅಲ್ಲೇ ಬಿಟ್ಟು, ಪೇಟ ಬಿದ್ದುಹೋದದ್ದೂ ಗೊತ್ತಾಗದೆ ಓಡಿದಳಂತೆ. ಹೆಣ್ಣು ಮಗು! ಆವತ್ತು ಅವಳು ಗೋಡೆಗೆ ಒರಗಿ ಕೂತು ಹೊಟ್ಟೆ ತುಂಬ ಅತ್ತಳಂತೆ, ಹಲ್ಲು ನೋವು ಅಂತ ಯಾರಿಗೂ ಸುಳ್ಳು ಹೇಳಲಿಲ್ಲ.

ಆಮೇಲೆ ದಂಡುಗಳು ಬಂದ ದಾರಿಯಲ್ಲೇ ತಿರುಗಿದವು, ಹೊಳೆ ಹರೀತು, ಉಪ್ಪಿನ ಗಾಡಿ ಬಂದವು. ಪ್ರತಿ ಸುಗ್ಗಿಗೂ ಮೂವರು ದೊರೆಗಳೂ ಬಂದು ಬರಿಗಾಲಲ್ಲಿ ನಿಂತು ಪಾಲು ತಗೊಂಡು ಹೋಗೋರಂತೆ. ಆದರೆ ಕೆಂಪತಾಯಿ ಮಾತ್ರ ಬದುಕಿರೋವರೆಗೂ ರಾಶಿಪೂಜೆ ದಿನ ಮೂವರೂ ಬರೋವರೆಗೆ ತುತ್ತು ಬಾಯಿಗಿಡ್ತಿರಲಿಲ್ಲವಂತೆ. ಮೊಮ್ಮಗಳನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು, ದಾರಿ ಕಾಯ್ತಾ ನಿಲ್ಲೋಳು. ಮೊದಲು ಧೂಳು ಎದ್ದರೆ ಹೆದರಿಕೆ ಆಗೋದು. ಈಗ ಎರಡು ಕಡೆ ಎದ್ದು ಮೂರನೇ ಕಡೆ ಏಳದಿದ್ದರೆ, ಆ ದೊರೆ ಕಾವಲು ಬಿಟ್ಟನೇನೋ ಅಂತ ಹೆದರಿಕೆ.

ಏನಂದೆ? ಮೂರನೇ ಕಡೆಯೂ ಎದ್ದಿತಾ ಅಂತಾನಾ? ಎದ್ದಿತು ಕಣಪ್ಪಾ, ತಡವಾಗಿಯಾದರೂ ಎದ್ದಿತಂತೆ. ಅವಳು ಆಮೇಲೇ ಉಂಡಳಂತೆ. ಕೆಂಪತಾಯಿ ಉಂಡಳು, ನಮ್ಮ ಕತೆಯೂ ಮುಗೀತು, ಇನ್ನು ಕಣ್ಣು ಮುಚ್ಚು.