ಹಿಂದಿನ ಸಾಲಿನಿಂದ ಬಂದ ತಾಯಿ

"ಬುದ್ಧಿ, ಸಿಟ್ಟು ಬಿಡಬೇಕೆಂದು ಮೂರು ವರ್ಷದಿಂದ ದಿನಾ ಬೆಳಿಗ್ಗೆ ಸಂಕಲ್ಪ ಮಾಡುತ್ತಿದ್ದೇನೆ. ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಇದು ನನ್ನಿಂದಾಗದ ಕೆಲಸವೇ? ಮಠ ಬಿಟ್ಟು ಹೋಗಿಬಿಡಲೇ?" ಎಂದು ಶಿಷ್ಯ ಈರಣ್ಣ ಕೇಳಿದ. ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಎಡಿಟರ್ ಇದ್ದ. ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ಅವನ ಕಸುಬು. ಕೆಲಸಕ್ಕೆ ಹೊಸಬ, ಆದರೆ ಹೊಸಬನೆಂದು ಒಪ್ಪಿಕೊಳ್ಳುವ ಆಸಾಮಿಯಲ್ಲ.

ಒಬ್ಬ ಮದುಮಗಳು ಅವನಲ್ಲಿಗೆ ಒಂದು ಫೋಟೊ ತಂದಳು. ಅವಳ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ತಾಯಿಯದೆಂದು ಉಳಿದದ್ದು ಅದೊಂದೇ. ಯಾರದೋ ಗೃಹಪ್ರವೇಶದಲ್ಲಿ ತೆಗೆದದ್ದು, ನಲವತ್ತು ಜನರ ಗುಂಪು. ತಾಯಿ ಹಿಂದಿನ ಸಾಲಿನ ಮೂಲೆಯಲ್ಲಿ ಸಾರಿನ ಬಕೆಟ್ ಹಿಡಿದು ನಿಂತಿದ್ದಳು.

"ಧಾರೆಗೆ ಮುಂಚೆ ಪರದೆ ಮೇಲೆ ಅಮ್ಮ ನನ್ನ ಹತ್ತಿರ ಬಂದ ಹಾಗೆ ಕಾಣಬೇಕು ಅಣ್ಣ" ಎಂದಳು ಮದುಮಗಳು.

ಸಾಫ್ಟ್‌ವೇರಿನಲ್ಲಿ ಚಿತ್ರ ಚಲಿಸಬೇಕಾದರೆ ಗುರುತು ಹಾಕಬೇಕು. ಕೀಫ್ರೇಮ್ ಎನ್ನುತ್ತಾರೆ. ಈ ಗಳಿಗೆಗೆ ಚಿತ್ರ ಇಲ್ಲಿರಲಿ, ಇಷ್ಟು ದೊಡ್ಡದಿರಲಿ ಎಂದು ಹೇಳುವ ಗುರುತು ಅದು. ಎಡಿಟರ್ ಐದನೆಯ ಸೆಕೆಂಡಿಗೆ ಒಂದು ಗುರುತು ಹಾಕಿ, ತಾಯಿಯ ಮುಖವನ್ನು ಪರದೆ ತುಂಬ ಹಿಗ್ಗಿಸಿದ. ಓಡಿಸಿ ನೋಡಿದ. ಮುಖ ಮೊದಲಿನಿಂದ ಕೊನೆಯವರೆಗೆ ಅಷ್ಟೇ ದೊಡ್ಡದಾಗಿ, ಅಲ್ಲಾಡದೆ ನಿಂತಿತ್ತು. ಗುರುತನ್ನು ಎಂಟಕ್ಕೆ ಒಯ್ದ, ಹತ್ತಕ್ಕೆ ಒಯ್ದ. ತಾಯಿ ಕದಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕಂಪ್ಯೂಟರಿಗೆ ಬೈದ.

ಮದುವೆಯ ಹಿಂದಿನ ದಿನ ಮದುಮಗಳು ಬಂದು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಅಮ್ಮ ಬರ್ತಾನೇ ಇಲ್ಲವಲ್ಲ ಅಣ್ಣ. ಅವಳು ನಿಂತಿದ್ದ ಜಾಗ ಎಲ್ಲಿ?"

"ಅದನ್ನ ಯಾಕಮ್ಮ ತೋರಿಸೋದು? ಹಿಂದಿನ ಸಾಲು, ಮೂಲೆ, ಕೈಯಲ್ಲಿ ಸಾರಿನ ಬಕೆಟ್ಟು. ಅಷ್ಟು ಜನರ ಎದುರು ಚೆನ್ನಾಗಿರುತ್ತಾ?"

"ಅವಳು ನಿಂತಿದ್ದೇ ಅಲ್ಲಿ. ಅಲ್ಲಿಂದಲೇ ಬರಲಿ."

ಎಡಿಟರಿಗೆ ನಾಚಿಕೆಯಾಯಿತು. ಮೊದಲ ಸೆಕೆಂಡಿಗೆ ಹೋಗಿ, ಇಡೀ ಗುಂಪು ಕಾಣುವ ಹಾಗೆ ಫೋಟೊ ಇಟ್ಟು, ಅಲ್ಲೊಂದು ಗುರುತು ಹಾಕಿದ. ಓಡಿಸಿದ. ಆ ಗುರುತಿನಿಂದ ಈ ಗುರುತಿಗೆ ಚಿತ್ರ ತಾನಾಗಿಯೇ ಸಾಗಿತು. ನಡುವಿನ ಒಂದು ಹೆಜ್ಜೆಯನ್ನೂ ಅವನು ಇಡಬೇಕಾಗಲಿಲ್ಲ. ತಾಯಿ ನಲವತ್ತು ಜನರ ಹಿಂದಿನಿಂದ ಮೆಲ್ಲಗೆ ಮುಂದೆ ಬಂದಳು. ಮದುಮಗಳು ಬಿಕ್ಕಿ ಬಿಕ್ಕಿ ಅತ್ತು, ಆಮೇಲೆ ನಕ್ಕಳು. ಮರುದಿನ ಛತ್ರದಲ್ಲಿ ಅಡುಗೆಭಟ್ಟರೂ ಕೈ ಒರೆಸಿಕೊಂಡು ಬಂದು ನೋಡಿದರು.

ಗುರುಗಳು ಕತೆ ನಿಲ್ಲಿಸಿದರು. ಈರಣ್ಣನ ಮುಖದಲ್ಲಿ ಸ್ವಲ್ಪ ಗೆಲುವು ಬಂದಿತ್ತು.

"ಹಾಗಾದರೆ ನಾನು ಮಠ ಬಿಡಬೇಕಾಗಿಲ್ಲವೇ, ಬುದ್ಧಿ?"

"ಸೇರುವ ಜಾಗ ಗೊತ್ತಿದ್ದವನು ಯಾಕೆ ಬಿಡಬೇಕು, ಹೊರಡುವ ಜಾಗವನ್ನು ಈಗ ಹೇಳು ಈರಣ್ಣ, ಇವತ್ತು ಬೆಳಿಗ್ಗೆ ಯಾರ ಮೇಲೆ ಸೌಟು ಎತ್ತಿದೆ?"