ಇಸ್ತ್ರಿ ಪೆಟ್ಟಿಗೆ ಹಿಡಿದ ಅಳಿಯ

ಶಿಷ್ಯ ಕೇಳಿದ: "ಗುರುಗಳೇ, ಅಣ್ಣನ ಕಾಲು ಹಿಡಿದು ತಪ್ಪಾಯಿತು ಅಂದೆ. ಕೋಪ ಇಳಿಯಿತಾ ಅಂತ ದಿನಾ ಬೆಳಗ್ಗೆ ಹೋಗಿ ಕೇಳುತ್ತೇನೆ. ಕೇಳಿದಷ್ಟೂ ಏರುತ್ತಿದೆಯಲ್ಲ, ಯಾಕೆ?"

ಗುರು ಹೇಳಿದ:

ಒಬ್ಬ ರೇಡಿಯೋ ರಿಪೇರಿಯವನಿದ್ದ. ಮನೆಯಲ್ಲಿ ಕಿವಿ ಕೇಳದ ಅತ್ತೆ. ಒಂದು ಮಧ್ಯಾಹ್ನ ಅತ್ತೆಯ ಮಗಳು, ಅಂದರೆ ಇವನ ಹೆಂಡತಿ, ಹೊರಗೆ ನಿಂತು ಬೆಲ್ ಒತ್ತಿದ್ದೇ ಒತ್ತಿದ್ದು, ಒಳಗಿದ್ದ ಅತ್ತೆಗೆ ಗೊತ್ತಾಗಲಿಲ್ಲ. ಎದುರುಮನೆಯಾಕೆಗೆ ಇಷ್ಟು ಸಾಕಾಯಿತು. ತಾಯಿಯೇ ಮಗಳನ್ನು ಬೀದಿಯಲ್ಲಿ ನಿಲ್ಲಿಸಿದಳಂತೆ ಎಂದು ಕೇರಿಯೆಲ್ಲ ಹಂಚಿ ಬಂದಳು. ಅದು ಹೇಗೋ ತಿಳಿದು ಅತ್ತೆ ಮುನಿಸಿಕೊಂಡು ಗಂಟು ಕಟ್ಟಿದಳು. ಸಂಜೆ ಬಸ್ಸಿಗೆ ಹೊರಡುವುದೆಂದಾಯಿತು.

ಅತ್ತೆ ಹೋದರೆ ಅವಳ ಕೈಯ ಹುಳಿಯೂ ಹೋಯಿತಲ್ಲ ಎಂದು ಅಳಿಯನಿಗೆ ದಿಗಿಲು. ಬೆಲ್ ಒತ್ತಿದರೆ ಒಳಗೆ ದೀಪ ಮಿನುಗುವ ಸರ್ಕ್ಯೂಟ್ ಮಾಡಲು ಕೂತ. ನುಣುಪು ಕಾಗದದಲ್ಲಿ ಗೆರೆಗಳನ್ನು ಪ್ರಿಂಟ್ ಹಾಕಿಸಿ, ತಾಮ್ರದ ಹಲಗೆಯ ಮೇಲೆ ಬೋರಲು ಹಾಕಿ, ಹೆಂಡತಿಯ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದ. ಕಾಗದದ ಮಸಿ ಕರಗಿ ತಾಮ್ರಕ್ಕೆ ಅಂಟಬೇಕು. ಇತ್ತ ಎದುರುಮನೆಯಾಕೆ, "ಹಾಡುಹಗಲೇ ಗಂಡಸು ಬಾಗಿಲು ಹಾಕಿಕೊಂಡು ಇಸ್ತ್ರಿ ಮಾಡುತ್ತಾನೆಂದರೆ ಅದು ಯಾರ ಸೀರೆಯೋ!" ಎಂದು ಶುರುವಿಟ್ಟುಕೊಂಡಳು.

ಮೊದಲ ಸಲ ಹಲಗೆ ನೊಂದೀತೆಂಬಂತೆ ಸವರಿದ. ಮಸಿ ಕಾಗದ ಬಿಟ್ಟು ಬರಲಿಲ್ಲ. ಮುಂದಿನ ಹಲಗೆಯ ಮೇಲೆ ಮೈಭಾರವನ್ನೆಲ್ಲ ಹಾಕಿದ. ಗೆರೆಗಳು ಹರಡಿ ಒಂದಕ್ಕೊಂದು ಮೆತ್ತಿಕೊಂಡವು. ಅದರ ಮುಂದಿನದಕ್ಕೆ ಬಿಸಿಯೂ ಹದವಾಗಿತ್ತು, ಒತ್ತೂ ಹದವಾಗಿತ್ತು. ಆದರೆ ಜೀವ ತಡೆಯಲಿಲ್ಲ. ಬಿಸಿಯಿರುವಾಗಲೇ ಕಾಗದದ ಅಂಚು ಎತ್ತಿ ಇಣುಕಿದ. ಅರ್ಧ ಮಸಿ ಕಾಗದದ ಜೊತೆಗೇ ಎದ್ದು ಬಂತು.

ಉಳಿದದ್ದು ಒಂದೇ ಹಲಗೆ. ಅದನ್ನೂ ಹದವಾಗಿ ಒತ್ತಿದ, ಮತ್ತೆ ಕೈ ಅಂಚಿಗೇ ಹೋಯಿತು. ಹೆಂಡತಿ ಪಟ್ಟನೆ ಕೈಗೆ ಹೊಡೆದಳು.

"ಕೂಸು ನಿದ್ದೆ ಹೋಯಿತಾ ಅಂತ ರೆಪ್ಪೆ ಎತ್ತಿ ನೋಡ್ತಾರೇನ್ರೀ? ಆರಲಿ ಬಿಡಿ!"

"ಅಂಟಿಲ್ಲದಿದ್ದರೆ?"

"ನೋಡಿದರೆ ಅಂಟುತ್ತಾ?"

ಅವನು ಕೈ ಕಟ್ಟಿ ಕೂತ. ಹಲಗೆ ತಣ್ಣಗಾಯಿತು. ನೀರಲ್ಲಿ ನೆನೆಸಿದಾಗ ಕಾಗದ ತಾನೇ ಬಿಟ್ಟುಕೊಂಡಿತು. ಗೆರೆಗಳು ಒಂದೂ ತಪ್ಪದೆ ತಾಮ್ರದ ಮೇಲೆ ನಿಂತಿದ್ದವು. ಮಿಕ್ಕ ಕೆಲಸ ಸರಸರ ಮುಗಿಯಿತು.

ಸಂಜೆ, ಮುದುಕಿ ಬಸ್ಸು ಹತ್ತಿದಳೋ ಇಲ್ಲವೋ ನೋಡೋಣವೆಂದು ಎದುರುಮನೆಯಾಕೆಯೇ ಬಂದು ಬೆಲ್ ಒತ್ತಿದಳು. ಒಳಗೆ ದೀಪ ಮಿನುಗಿತು. ಅತ್ತೆಯೇ ಎದ್ದು ಬಂದು ಬಾಗಿಲು ತೆರೆದು, "ಬಾರಮ್ಮ, ಹುಳಿ ಕುದೀತಿದೆ, ಉಂಡುಕೊಂಡು ಹೋಗು" ಎಂದಳು.

ಶಿಷ್ಯ ನಕ್ಕ. "ಹಾಗಾದರೆ ನಾನು ಇನ್ನೆಷ್ಟು ದಿನ ಕಾಯಲಿ, ಗುರುಗಳೇ?"

ಗುರು ಹೇಳಿದ: "ದಿನಾ ಬೆಳಗ್ಗೆ ಹೋಗುತ್ತೀಯಲ್ಲ, ಅದು ಅಣ್ಣನನ್ನು ನೋಡಲಿಕ್ಕೋ, ನಿನ್ನ ತಪ್ಪೊಪ್ಪಿಗೆ ಎಷ್ಟು ಚೆನ್ನಾಗಿ ಅಂಟಿದೆಯೆಂದು ನೋಡಲಿಕ್ಕೋ?"