ಮದುವೆಮನೆಗೆ ಬಂದ ಹೇಸರಗತ್ತೆ

ತನ್ನವರು ಯಾರೆಂದು ಊರೂರು ಹುಡುಕುತ್ತಿದ್ದ ಹೇಸರಗತ್ತೆಯೊಂದು ಮದುವೆಯ ಚಪ್ಪರ ಕಂಡು ಒಳಗೆ ಬಂತು. ಮದುಮಗಳು ಕುದುರೆ, ಮದುಮಗ ಕತ್ತೆ. ಊಟಕ್ಕೆ ಎಲೆ ಹಾಕುತ್ತಿದ್ದರು.

"ಯಾರ ಕಡೆಯವರು ನೀವು?" ಎಂದು ಹೆಣ್ಣಿನ ತಂದೆ ಕುದುರೆ ಬಾಗಿಲಲ್ಲೇ ಕೇಳಿತು.

"ಎರಡೂ ಕಡೆಯವನು ಸ್ವಾಮಿ. ನನ್ನ ತಾಯಿ ಕುದುರೆ, ತಂದೆ ಕತ್ತೆ."

ಕುದುರೆ ಅದರ ಕಿವಿ ನೋಡಿತು. "ಇಷ್ಟುದ್ದ ಕಿವಿ ನಮ್ಮ ವಂಶದಲ್ಲಿಲ್ಲ. ಬೀಗರ ಪಂಕ್ತಿಗೆ ಹೋಗಿ."

ಗಂಡಿನ ತಂದೆ ಕತ್ತೆ ಬೀಗರ ಗತ್ತಿನಲ್ಲಿ ಅದರ ಬಾಲ ನೋಡಿತು. "ಇಂಥ ಜಂಬದ ಬಾಲ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಹೆಣ್ಣಿನವರ ಜೊತೆ ಕೂತುಕೊಳ್ಳಿ."

ಹೀಗೆ ಅತ್ತಿಂದಿತ್ತ ಅಲೆಯುವಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿದರು. ದಿಬ್ಬಣ ಹೊರಡುವ ಹೊತ್ತಿಗೆ ಪಾತ್ರೆಗಳ ಮೂಟೆ ಹೊರಲು ಯಾರೂ ಸಿಗಲಿಲ್ಲ. ಬೀಗರಿಬ್ಬರೂ ಒಟ್ಟಿಗೇ ಕೂಗಿದರು: "ಎಲ್ಲಿ ಹೋದ ನಮ್ಮ ಹುಡುಗ? ಬಾರೋ, ನೀನು ನಮ್ಮವನಲ್ಲವೇ!"

ಹೇಸರಗತ್ತೆ ಮೂಟೆಯ ಕಡೆ ತಿರುಗಿಯೂ ನೋಡಲಿಲ್ಲ. ಮದುಮಕ್ಕಳ ಮೇಲೆ ಅಕ್ಷತೆ ಹಾಕಿ, ಬೀಗರಿಗೆ ಹೇಳಿತು:

"ಇನ್ನು ನಾಮಕರಣಕ್ಕೆ ಬರುತ್ತೇನೆ. ತೊಟ್ಟಿಲಲ್ಲಿರುವ ಕೂಸು ಯಾರ ಕಡೆಯದೆಂದು ಆಗ ನೀವೇ ಹೇಳಿ."